ಬ್ರಿಡ್ಜಿನ ಹಿಂದಿನ ಬೆಸುಗೆ

“ಇಲ್ಲಿದ್ದಿದ್ದು ಎಲ್ಲೋಯ್ತು?”

ಮುನಿರಾಜು ಅದನ್ನು ಯಾರಿಗೂ ಕೇಳಿದ್ದಲ್ಲ. ಬೆಂಚಿನ ಮೇಲೆ ಬೋರಲು ಮಲಗಿಸಿದ್ದ ಗಿಟಾರಿನ ಬೆನ್ನಿಗೆ ಬಗ್ಗಿ, ಅಂಗೈ ಅಗಲದ ಗುಂಡಿಯೊಳಗಿನ ಕತ್ತಲಿಗೆ ಕೇಳಿದ್ದ. ಲಿಂಗರಾಜಪುರದ ಮಧ್ಯಾಹ್ನ ಹೊರಗೆ ಹಾರ್ನ್ ಹೊಡೆಯುತ್ತಿತ್ತು.

ಎದುರಿನ ಸ್ಟೂಲಿನಲ್ಲಿ ಗೋಡೆಗೆ ತಲೆಯಾನಿಸಿ ಕೂತಿದ್ದ ಸಬ್ ಇನ್‌ಸ್ಪೆಕ್ಟರ್ ತೇಜಶ್ರೀ ಒಂದು ಕಣ್ಣು ತೆರೆದಳು.

“ಏನ್ ಹೋಯ್ತು?”

“ನೀವು ಮಲ್ಕೊಂಡಿದ್ರಿ ಮೇಡಂ.”

“ಮಲ್ಕೊಂಡಿರ್ಲಿಲ್ಲ. ಕಣ್ಣಿಗೆ ರಜೆ ಕೊಟ್ಟಿದ್ದೆ. ಏನ್ ಹೋಯ್ತು ಹೇಳ್ರೀ.”

ಹನ್ನೊಂದು ದಿನದ ಹಿಂದೆ, ಒಂದು ಭಾನುವಾರ ಸಂಜೆ, ಬೆನ್ಸನ್ ಟೌನಿನ ಸಭಾಂಗಣವೊಂದರಲ್ಲಿ ಕಿರಣಕುಮಾರ ಇದೇ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಹಾಡಲೆಂದು ಮೈಕಿಗೆ ಬಾಯಿ ಒಯ್ದವನು ಕರೆಂಟು ಹೊಡೆದು ಅಲ್ಲೇ ಸತ್ತಿದ್ದ. ಆ ದಿನ ಸ್ಟೇಜಿಗೆ ವೈರು ಎಳೆದಿದ್ದ ಜಟ್ಟೆಪ್ಪ ಈಗ ಜೈಲಿನಲ್ಲಿದ್ದ.

ಮುನಿರಾಜು ಕನ್ನಡಕವನ್ನು ಹಣೆಗೇರಿಸಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನೆಟ್ಟಗಾದ. ಅರವತ್ತೊಂದು ವರ್ಷದ ಮಂಡಿಗಳು ಲಟಕ್ಕೆಂದವು. ಗಿಟಾರ್ ರಿಪೇರಿ ಮಾಡುವವನೆಂದು ಪೊಲೀಸರು ಪರೀಕ್ಷೆಗೆ ತಂದಿದ್ದ ಈ ಗಿಟಾರಿನ ಮುಂದೆ ಬೆಳಿಗ್ಗೆಯಿಂದ ನಿಂತಿದ್ದ. ತಂತಿ ಸಡಿಲಿಸುವ ಮುನ್ನ ಬ್ರಿಡ್ಜಿನಡಿ ತೇಗದ ಸಣ್ಣ ಬೆಣೆ ಇಟ್ಟಿದ್ದ. ಆಮೇಲೆ ಒಂದೊಂದೇ ತಂತಿ ಇಳಿಸಿ, ಬೆನ್ನಿನ ಮುಚ್ಚಳದ ಆರು ಸ್ಕ್ರೂ ಬಿಚ್ಚಿ ಬಟ್ಟಲಿಗೆ ಹಾಕಿದ್ದ. ಯಾವುದಕ್ಕೂ ಅವಸರ ಮಾಡಿರಲಿಲ್ಲ. ಅವಸರ ಮಾಡುವ ಶಕ್ತಿಯೂ ಇರಲಿಲ್ಲ.

“ಇಲ್ಲಿ ಬನ್ನಿ ಮೇಡಂ. ಮುಂದ್ಗಡೆ ತಂತಿ ಕೂರೋ ಈ ಲೋಹ ಇದೆಯಲ್ಲ, ಇದೇ ಬ್ರಿಡ್ಜು. ಬೇರೆ ಗಿಟಾರ್‌ನಲ್ಲಿ ಇದು ಅಲ್ಲಾಡಲ್ಲ. ಇದ್ರಲ್ಲಿ ಅಲ್ಲಾಡುತ್ತೆ. ಎರಡು ಮೊಳೆ ಮೇಲೆ ಚಾಕು ಅಂಚಿನ ಹಾಗೆ ನಿಂತಿರುತ್ತೆ. ಮುಂದಿನಿಂದ ಆರು ತಂತಿ ಎಳೀತವೆ. ಹಿಂದಿನಿಂದ ಈ ಮೂರು ಸ್ಪ್ರಿಂಗ್ ಎಳೀತವೆ. ಎರಡೂ ಸಮ ಆದ್ರೆ ಬ್ರಿಡ್ಜು ನಡುವೆ ತೇಲುತ್ತೆ. ಈ ಕಡ್ಡಿ ಹಿಡಿದು ಒತ್ತಿದ್ರೆ ಸ್ವರ ಬಳುಕುತ್ತೆ, ಬಿಟ್ರೆ ವಾಪಸ್ ಬರುತ್ತೆ.”

“ನಮ್ ಡಿಪಾರ್ಟ್‌ಮೆಂಟೂ ಹೀಗೇನೇ. ಎರಡೂ ಕಡೆಯಿಂದ ಎಳೀತಾರೆ.” ತೇಜಶ್ರೀ ಆಕಳಿಸಿದಳು. “ನಾವು ತೇಲಲ್ಲ, ಅಷ್ಟೆ.”

“ಸ್ಪ್ರಿಂಗ್‌ಗಳ ಈ ತುದಿ ಒಂದು ತಗಡಿಗೆ ಸಿಕ್ಕಿಸಿದೆ ನೋಡಿ, ಐದು ಕೊಕ್ಕೆ ಇರೋ ತಗಡು. ಆ ತಗಡಿಗೆ ಅರ್ಥ್ ವೈರ್ ಬೆಸೆದಿರ್ತೀವಿ. ವೈರಿಂದ ತಗಡು, ತಗಡಿಂದ ಸ್ಪ್ರಿಂಗು, ಸ್ಪ್ರಿಂಗಿಂದ ಬ್ರಿಡ್ಜು, ಬ್ರಿಡ್ಜಿಂದ ತಂತಿ.”

“ತಂತಿಯಿಂದ ಕೈ.”

“ಹೂಂ ಮೇಡಂ. ತಂತಿಯಿಂದ ಕೈ.”

ಅವಳ ಎರಡೂ ಕಣ್ಣು ಈಗ ತೆರೆದಿದ್ದವು.

“ನಾನು ಆ ವೈರನ್ನ ತಗಡಿಗೆ ನೇರ ಬೆಸೆಯಲ್ಲ. ನಡುವೆ ಹುಣಸೆ ಬೀಜದಷ್ಟು ಒಂದು ಕೆಪಾಸಿಟರ್ ಹಾಕ್ತೀನಿ, ಪಕ್ಕದಲ್ಲಿ ಒಂದು ರೆಸಿಸ್ಟರ್. ಹೊರಗಡೆ ವೈರಿಂಗು ಏನೇ ಹೆಚ್ಚುಕಮ್ಮಿ ಆಗಿರ್ಲಿ, ಕೈ ಜುಮ್ ಅನ್ನುತ್ತೆ, ಜೀವ ಹೋಗಲ್ಲ. ಇಪ್ಪತ್ತಾರು ವರ್ಷದ ಹಿಂದೆ ಕೆ.ಆರ್. ಪುರದಲ್ಲಿ ಒಂದು ಮದುವೆ ಆರ್ಕೆಸ್ಟ್ರಾದಲ್ಲಿ ಒಬ್ಬ ಮೈಕ್ ಮುಟ್ಟಿ ಬಿದ್ದಿದ್ದನ್ನ ಕಣ್ಣಾರೆ ನೋಡಿದೆ. ಅವತ್ತಿಂದ ನನ್ನ ಬೆಂಚಿಗೆ ಬಂದ ಯಾವ ಗಿಟಾರೂ ಅದಿಲ್ದೆ ವಾಪಸ್ ಹೋಗಿಲ್ಲ. ಕಿರಣಂದಕ್ಕೂ ಹಾಕಿದ್ದೆ, ಮೂರು ತಿಂಗಳ ಹಿಂದೆ.”

“ಈಗಿಲ್ಲ?”

“ಈಗಿಲ್ಲ. ಕಿತ್ತು, ನೇರ ವೈರ್ ಬೆಸೆದಿದಾರೆ.”

ತೇಜಶ್ರೀ ಸ್ಟೂಲು ಎಳೆದುಕೊಂಡು ಬೆಂಚಿನ ಹತ್ತಿರ ಬಂದಳು. ಅವಳ ಸಮವಸ್ತ್ರದ ಕಾಲರು ಎರಡು ದಿನದ ಬೆವರಿಗೆ ಬಿಳಿಚಿತ್ತು.

“ಅಂದ್ರೆ, ಕಿರಣ್ ಸಾಯೋಕೆ ಎರಡು ಕೆಲಸ ಆಗಿರ್ಬೇಕು. ಸ್ಟೇಜಿನ ಬೋರ್ಡಲ್ಲಿ ವೈರ್ ಅದಲು ಬದಲಾಗಿರ್ಬೇಕು. ಗಿಟಾರ್‌ನಲ್ಲಿ ನಿಮ್ಮ ಈ ಬೀಜ ಇರಬಾರ್ದು.”

“ಹೌದು.”

“ಜಟ್ಟೆಪ್ಪನ್ನ ಆ ಕೆಲಸಕ್ಕೆ ಕರೆದಿದ್ದೇ ಭಾನುವಾರ ಬೆಳಿಗ್ಗೆ, ಬೇರೆಯವನು ಕೈ ಕೊಟ್ಟ ಅಂತ. ಗಿಟಾರ್ ಅದಕ್ಕೂ ಮುಂಚೆ ಬಿಚ್ಚಿದ್ರೆ ಎರಡನ್ನೂ ಹೊಂಚಿದವರು ಬೇರೆ, ಅವನ ಕೈ ಇದ್ರಲ್ಲಿಲ್ಲ.” ಅವಳು ಬೆರಳಲ್ಲಿ ಬೆಂಚನ್ನು ಕುಟ್ಟಿದಳು. “ಆದ್ರೆ ಬ್ಯಾಂಡಿನವರು ಒಬ್ರೂ ಬಿಡದ ಹಾಗೆ ಹೇಳಿಕೆ ಕೊಟ್ಟಿದಾರೆ, ಕಾರ್ಯಕ್ರಮಕ್ಕೆ ಮುಂಚಿನ ಎರಡು ವಾರ ಗಿಟಾರ್ ಕಿರಣ್ ಮನೆ ಬಿಟ್ಟು ಆಚೆ ಹೋಗಿಲ್ಲ ಅಂತ. ನಿಮ್ ಮಗಳೂ ಹೇಳಿದಾಳೆ. ಭಾನುವಾರ ಸ್ಟೇಜ್ ಮೇಲೇನೇ ನೋಡಿದ್ದು ಅಂದ್ಲು.”

ಮುನಿರಾಜು ತಲೆಯಾಡಿಸಿದ. ಮಗಳು ಬೃಂದಾ ಎರಡು ವರ್ಷದಿಂದ ಆ ಬ್ಯಾಂಡಿನಲ್ಲಿ ಹಾಡುತ್ತಿದ್ದಳು. ಕಿರಣ ಬಿದ್ದಾಗ ಮೂರು ಮಾರು ದೂರದಲ್ಲಿ ನಿಂತಿದ್ದಳು. ಅವತ್ತಿನಿಂದ ಅವಳು ಸರಿಯಾಗಿ ಊಟ ಮಾಡಿಲ್ಲ, ಅಪ್ಪನ ಮುಖ ನೋಡಿ ಎರಡು ಮಾತಾಡಿಲ್ಲ. ದುಃಖ ಅಂತ ಅವನು ಸುಮ್ಮನಿದ್ದ. ಹೆಂಡತಿ ಹೋದಾಗ ತಾನೂ ಹಾಗೇ ಇದ್ದ.

“ಯಾರು ಬಿಚ್ಚಿದಾರೆ ಅಂತ ಗೊತ್ತಾಗುತ್ತಾ?”

ಅವನು ಮತ್ತೆ ಕನ್ನಡಕ ಇಳಿಸಿಕೊಂಡು ಬಗ್ಗಿದ.

ಗೊತ್ತಾಗುತ್ತಿತ್ತು. ಮುಚ್ಚಳ ತೆಗೆದ ಗಳಿಗೆಯಲ್ಲೇ ಗೊತ್ತಾಗಿತ್ತು. ಆ ಗುಂಡಿಯಲ್ಲಿ ಹೆಸರು ಬರೆದಿಟ್ಟ ಹಾಗಿತ್ತು.

ಮುನಿರಾಜು ಮೂರು ಸ್ಪ್ರಿಂಗುಗಳನ್ನು ಗೆರೆ ಎಳೆದಂತೆ ನೇರ ಸಿಕ್ಕಿಸುವವನು. ಈಗ ಅಕ್ಕಪಕ್ಕದ ಎರಡು ಓರೆಯಾಗಿ ನಡುವಿನದರ ಕಡೆ ವಾಲಿದ್ದವು. ಬಿಸಿ ಹಿಡಿಯದ ಆ ದಪ್ಪ ತಗಡಿಗೆ ಬೆಸುಗೆ ಕೂರಲೆಂದು ಯಾರೋ ಅದನ್ನು ಪೂರಾ ಹೊರಗೆ ತೆಗೆದು, ಅರದಿಂದ ಅಡ್ಡಡ್ಡ ನಾಲ್ಕು ಗೆರೆ ಉಜ್ಜಿ, ಆಮೇಲೆ ಬೆಸೆದಿದ್ದರು. ಬೆಸುಗೆ ದುಂಡಗೆ, ಹೊಳಪಾಗಿ, ಪಳಗಿದ ಕೈಯ ಕೆಲಸವಾಗಿತ್ತು. ಇಷ್ಟೇ ಆಗಿದ್ದರೆ ಸಂಶಯ ಅನ್ನಬಹುದಿತ್ತು. ಆದರೆ ಸ್ಪ್ರಿಂಗುಗಳು ಗುಂಯ್‌ಗುಡದಂತೆ, ಒಂದರ ಮೇಲೆ ಒಂದರ ಕೆಳಗೆ, ಚಾಪೆ ಹೆಣೆದ ಹಾಗೆ, ಸೀರೆ ಫಾಲಿನ ತುಂಡೊಂದನ್ನು ಹೆಣೆದಿದ್ದರು. ತಿಳಿ ಹಸಿರು ಫಾಲು. ಬೆಂಗಳೂರಲ್ಲಿ ಎಲ್ಲರೂ ಅಲ್ಲಿಗೆ ಸ್ಪಂಜು ತುರುಕುತ್ತಾರೆ. ಫಾಲು ಹೆಣೆಯುವವನು ಒಬ್ಬನೇ.

“ಮುನಿರಾಜು ಅವರೇ.” ತೇಜಶ್ರೀ ದನಿ ಏರಿಸಲಿಲ್ಲ. “ನಾನು ಮೂರು ದಿನದಿಂದ ಸುಳ್ಳು ಹೇಳೋರ ಮುಖಾನೇ ನೋಡ್ತಿದ್ದೀನಿ. ನೀವು ಗೊತ್ತಿದ್ದೂ ಹೇಳ್ತಿಲ್ಲ ಅಂತ ಕಾಣುತ್ತೆ. ನಾಳೆ ಹನ್ನೊಂದಕ್ಕೆ ಜಟ್ಟೆಪ್ಪನ ಜಾಮೀನು ಅರ್ಜಿ ಬರುತ್ತೆ. ನನ್ನ ಸಾಹೇಬರಿಗೆ ಈ ಕೇಸು ಮುಗೀಬೇಕು. ಅವನು ಅವತ್ತು ಮಧ್ಯಾಹ್ನ ಎಲ್ಲರೆದುರು ಕಿರಣ್ ಜೊತೆ ಜಗಳ ಆಡಿದ್ದ, ಇವತ್ತೇ ನಿನ್ನ ಹಾಡು ಕಡೇದು ಅಂತ ಬೈದಿದ್ದ. ಅಷ್ಟು ಸಾಕು ಅವರಿಗೆ. ಹೆಸರು ಹೇಳಿ.”

“ಹೆಸರು ಹೇಳಿದ್ರೆ ನೀವು ಜೀಪ್ ತಗೊಂಡ್ ಹೋಗ್ತೀರಿ. ಅಂಗಡಿ ಮುಂದೆ ಜನ ಸೇರ್ತಾರೆ.”

“ಹೋಗ್ದೆ?”

“ನಾನು ಹೋಗ್ತೀನಿ ಮೇಡಂ. ಅವನೇ ನಡ್ಕೊಂಡು ಬಂದು ನಿಮ್ಮ ಮುಂದೆ ಹೇಳೋ ಹಾಗೆ ಮಾಡ್ತೀನಿ. ಅರ್ಧ ಗಂಟೆ ಕೊಡಿ.”

ವಾದ ಮಾಡುವ ತ್ರಾಣ ಅವಳಲ್ಲೂ ಉಳಿದಿರಲಿಲ್ಲ.

“ಎಲ್ಲಿಗೆ?”

“ಶಿವಾಜಿನಗರ.”

“ಜೀಪಲ್ಲೇ ಬನ್ನಿ. ಮಾರ್ಕೆಟ್ ಹತ್ರ ನಿಲ್ಲಿಸ್ಕೊಂಡು ಕೂತಿರ್ತೀನಿ. ಅರ್ಧ ಗಂಟೆ ಅಂದ್ರೆ ಅರ್ಧ ಗಂಟೆ.”

ಅವನು ಫೋನಿನಲ್ಲಿ ಗುಂಡಿಯ ಒಂದು ಫೋಟೋ ತೆಗೆದುಕೊಂಡ. ಕಾನ್‌ಸ್ಟೆಬಲ್ ಗಿಟಾರನ್ನು ಚೀಲಕ್ಕೆ ಸೇರಿಸಿ ಮೊಹರು ಹಾಕಿದ.

ಹೊರಗಿನ ಮೆಟ್ಟಿಲ ಮೇಲೆ ಹುಸೇನಮ್ಮ ಕೂತಿದ್ದಳು, ಜಟ್ಟೆಪ್ಪನ ಹೆಂಡತಿ. ಯಾದಗಿರಿ ಕಡೆಯಿಂದ ಬಂದು ಇದೇ ಬೀದಿಯ ಕೊನೆಯ ಬಾಡಿಗೆ ಕೋಣೆಯಲ್ಲಿದ್ದವಳು. ಠಾಣೆಯಲ್ಲಿ ಒಳಗೆ ಬಿಡುತ್ತಿರಲಿಲ್ಲವೆಂದು ಬೆಳಿಗ್ಗೆಯೇ ಇಲ್ಲಿ ಬಂದು ಕೂತಿದ್ದಳು. ಗಿಟಾರು ಇಲ್ಲಿಗೆ ಬಂದಿದೆಯೆಂದು ಅವಳಿಗೆ ಯಾರು ಹೇಳಿದರೋ.

“ಏನರ ಸಿಕ್ತೇನ್ರಿ ಅಣ್ಣಾರ?”

ಮುನಿರಾಜು ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿದ.

“ನಮ್ಮ ಮನಿಯವರು ಬಾಯಿ ಕೆಟ್ಟವರು ಅದಾರ್ರಿ, ನಾ ಇಲ್ಲ ಅನ್ನಂಗಿಲ್ಲ. ಆದ್ರ ವೈರಿನ ಕೆಲಸ ಕೆಟ್ಟದಲ್ರಿ. ನಮ್ಮನ್ಯಾಗ ಬಲ್ಬ್ ಹಾಕಬೇಕಾದ್ರೂ ಮೂರ್ ಸಲ ಮುಟ್ಟಿ ನೋಡ್ತಾರ. ನೀವು ಕೈಕೆಲಸದವರು, ನಿಮಗ ತಿಳೀತದ ಅಂತ ಬಂದೀನಿ.”

“ತಿಳೀತದಮ್ಮ,” ಅಂದ. ಜೀಪು ಹತ್ತಿದ.

ರಸ್ಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಬಟ್ಟೆ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು. ಇಪ್ಪತ್ತೊಂದು ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ಮುನಿರಾಜುವಿನ ಸಿಟ್ಟು ಒಂದು ತೊಲ ಹೆಚ್ಚುತ್ತಿತ್ತು, ಉಸಿರು ಒಂದು ತೊಲ ಕಮ್ಮಿಯಾಗುತ್ತಿತ್ತು. ಹಲಸೂರಿನಲ್ಲಿ ಇಪ್ಪತ್ತು ವರ್ಷ ಒಂದೇ ಬೆಂಚಿನ ಎರಡು ಬದಿ ಕೂತು ದುಡಿದವರು ಅವನು ಮತ್ತು ಅಕ್ತರ್. ಕಟ್ಟಡ ಉರುಳಿಸಿದಾಗ ಬೆಂಚನ್ನು ನಡುವೆ ಕೊಯ್ದು ಹಂಚಿಕೊಂಡಿದ್ದರು. ಜಗಳವಿರಲಿಲ್ಲ. ಆ ಕೆಪಾಸಿಟರನ್ನು ಯಾಕೆ ಹಾಕುತ್ತೇವೆಂದು ಅಕ್ತರನಿಗಿಂತ ಚೆನ್ನಾಗಿ ತಿಳಿದವರು ಯಾರೂ ಇರಲಿಲ್ಲ. ಆ ಮದುವೆಯ ಸಂಜೆ ಬಿದ್ದವನ ಎದೆ ಒತ್ತಿದ್ದು ಅಕ್ತರನೇ.

ಕೋಣೆಯ ಒಂದು ಬದಿಯಲ್ಲಿ ಲುಬ್ನಾ ಹೊಲಿಗೆ ಯಂತ್ರದ ಮುಂದೆ ಕೂತು ಸೀರೆಗೆ ಫಾಲು ಹಚ್ಚುತ್ತಿದ್ದಳು. ಕಾಲ ಬಳಿ ಬಣ್ಣಬಣ್ಣದ ತುಂಡುಗಳು. ಇನ್ನೊಂದು ಬದಿಯಲ್ಲಿ, ಅರ್ಧ ಬೆಂಚಿನ ಹಿಂದೆ, ಅವಳ ಗಂಡ ಅಕ್ತರ್ ಬ್ರಿಡ್ಜಿನ ಅಂಚೊಂದನ್ನು ಅರದಿಂದ ತಿದ್ದುತ್ತಿದ್ದ.

“ಅರೆ ವಾಹ್! ಲಿಂಗರಾಜಪುರದ ಮಹಾರಾಜರು ಪಾದ ಬೆಳೆಸಿದಾರೆ. ಲುಬ್ನಾ, ಚಹಾ ಇಡು. ಮೆಟ್ಲು ಹತ್ತಿದಾನೆ ಮನುಷ್ಯ, ಬಾಯಲ್ಲಿ ಜೀವ ಇದ್ಯಾ ನೋಡು.”

“ಚಹಾ ಬೇಡ.”

“ಚಹಾ ಬೇಡ ಅಂತೀಯಾ? ಹಾಗಿದ್ರೆ ಡಾಕ್ಟ್ರನ್ನೇ ಕರೀಬೇಕು.”

ಮುನಿರಾಜು ಫೋನನ್ನು ಬೆಂಚಿನ ಮೇಲಿಟ್ಟ. ಅಕ್ತರ್ ಕನ್ನಡಕ ತಡಕಿ, ಹಾಕಿಕೊಂಡು, ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದ.

“ನನ್ನ ಕೈಕೆಲಸ. ಚೆನ್ನಾಗಿದೆಯಲ್ಲ? ಫಾಲು ಅವಳದ್ದು.”

ಅಷ್ಟು ಸಲೀಸಾಗಿ ಒಪ್ಪಿದ್ದು ಮುನಿರಾಜುವಿಗೆ ಕೆನ್ನೆಗೆ ಹೊಡೆದಂತಾಯಿತು. ಅಲ್ಲಗಳೆಯುತ್ತಾನೆ, ಆಗ ಕೂಗಾಡಬಹುದು ಅಂದುಕೊಂಡು ಬಂದಿದ್ದ.

“ಕೆಪಾಸಿಟರ್ ಎಲ್ಲಿ ಅಕ್ತರ್?”

“ಡಬ್ಬೀಲಿದೆ. ಬೇಕಾ?”

“ಯಾಕ್ ತೆಗ್ದೆ?”

“ಏನ್ ಪ್ರಶ್ನೆ ಇದು, ಯಾಕ್ ತೆಗ್ದೆ ಅಂತ.” ಅಕ್ತರ್ ಮತ್ತೆ ಅರ ಹಿಡಿದ.

“ಆ ಗಿಟಾರ್ ಹಿಡ್ಕೊಂಡು ಒಬ್ಬ ಹುಡುಗ ಸತ್ತಿದಾನೆ. ಬೆನ್ಸನ್ ಟೌನಲ್ಲಿ. ನಿನ್ನ ಕೈಯಿಂದ ಹೋದ್ಮೇಲೆ.”

ಅರದ ಸದ್ದು ನಿಂತಿತು.

ಮುನಿರಾಜು ಶನಿವಾರ ಶನಿವಾರ ಹಲಸೂರಿನ ಗುಡಿಯಲ್ಲಿ ಕಾವ್ಯ ಓದುವುದನ್ನು ಕೇಳುತ್ತಾ ಬೆಳೆದವನು. ಪದ್ಯಕ್ಕಿಂತ ಹೆಚ್ಚಾಗಿ ಓದುವವರು ಉಸಿರು ತೆಗೆದುಕೊಳ್ಳುವ ಕಡೆಗೆ ಅವನ ಕಿವಿ ಹೋಗುತ್ತಿತ್ತು. ಸುಳ್ಳು ಕಟ್ಟುವವನು ಬೇಗ ಉಸಿರೆಳೆಯುತ್ತಾನೆ. ಅಕ್ತರ್ ಉಸಿರಾಡುವುದನ್ನೇ ಮರೆತಿದ್ದ.

“ಪೇಪರಲ್ಲಿ ಬಂದಿತ್ತಲ್ಲ, ಆ ಹುಡುಗನಾ?” ಕೊನೆಗೆ ಕೇಳಿದ. “ಅದು ಇದೇ ಗಿಟಾರಾ? ಯಾ ಅಲ್ಲಾ. ಯಾರದ್ದು ಅಂತ ನಾನು ಕೇಳ್ಲೇ ಇಲ್ಲ.”

“ಕೇಳ್ದೆ ಬಿಚ್ಚಿದ್ಯಾ? ಇಪ್ಪತ್ತಾರು ವರ್ಷ ನಾವಿಬ್ರೂ ಹಾಕ್ಕೊಂಡು ಬಂದಿದ್ದನ್ನ ಕೇಳ್ದೆ ಕಿತ್ತು ಬಿಸಾಡಿದ್ಯಾ? ಅವತ್ತು ಬೆಳಿಗ್ಗೆಯಷ್ಟೇ ಕೆಲಸಕ್ಕೆ ಬಂದಿದ್ದ ಒಬ್ಬ ವೈರ್‌ಮನ್ ಜೈಲಲ್ಲಿದಾನೆ ಕಣೋ. ಅವನ ಹೆಂಡ್ತಿ ನನ್ನ ಮೆಟ್ಲ ಮೇಲೆ ಕೂತಿದಾಳೆ. ಇವತ್ತು ನೀನು ಹೇಳ್ದೆ ಹೋದ್ರೆ—”

“ಮುನ್ರಾಜು.” ಅಕ್ತರ್ ಎದ್ದು ನಿಂತ. “ನೀನು ಹೇಳಿದ್ಕೆ ತೆಗ್ದೆ.”

“ನಾನಾ?”

“ನೀನೇ. ಹೇಳಿ ಕಳಿಸಿದ್ಯಲ್ಲ.”

“ನಾನು ಯಾರನ್ನೂ ಕಳಿಸಿಲ್ಲ.”

“‘ಅಪ್ಪಂಗೆ ಮಂಡಿ ನೋವು ಅಂಕಲ್, ಬೆಂಚಿಗೆ ನಿಲ್ಲೋಕಾಗ್ತಿಲ್ಲ. ಆ ಹಿಂದಿನ ಕೆಪಾಸಿಟರ್‌ನಿಂದ ಸೊಯ್ ಅಂತ ಸದ್ದು ಬರ್ತಿದೆಯಂತೆ. ಅದನ್ನ ತೆಗ್ದು ನೇರ ವೈರ್ ಹಾಕಿಸ್ಕೊಂಡು ಬಾ, ಹೊಸದು ನಾನೇ ಆಮೇಲೆ ಹಾಕ್ತೀನಿ ಅಂತ ಅಪ್ಪ ಹೇಳಿದ್ರು.’” ಅಕ್ತರ್ ಮಗು ಪಾಠ ಒಪ್ಪಿಸುವಂತೆ ಒಂದೊಂದೇ ಮಾತು ಹೇಳಿದ. “ಬೇರೆ ಯಾರೇ ಬಂದು ಹೇಳಿದ್ರೂ ಮುಟ್ತಿರ್ಲಿಲ್ಲ. ಗಿರಾಕಿ ಕಾಲಿಗೆ ಬಿದ್ರೂ ಮುಟ್ತಿರ್ಲಿಲ್ಲ. ನಿನ್ನ ಮಾತು ಅಂದ್ಮೇಲೆ ನಾನು ಯಾಕ್ ಕೇಳ್ಲಿ? ನಿನ್ನ ಮಗಳ ಬಾಯಲ್ಲಿ ಬಂದ್ಮೇಲೆ?”

ಹೊಲಿಗೆ ಯಂತ್ರವೂ ನಿಂತಿತ್ತು.

“ಎರಡು ವಾರದ ಹಿಂದೆ, ಗುರುವಾರ ಬಂದಿದ್ಲು ಬೃಂದಾ,” ಲುಬ್ನಾ ಮೆಲ್ಲಗೆ ಹೇಳಿದಳು. “ಬೆಳಿಗ್ಗೆ ಹತ್ತಕ್ಕೆ. ಕೆಲ್ಸ ಮುಗಿಯೋ ತನಕ ನನ್ ಪಕ್ಕಾನೇ ಕೂತಿದ್ಲು ಭಾಯ್. ಹಸಿರು ತುಂಡು ಅವಳೇ ಆರ್ಸಿ ಕೊಟ್ಲು.”

ಮುನಿರಾಜು ಕೂರಲು ಏನಾದರೂ ಇದೆಯೇ ಎಂದು ನೋಡಿದ. ಗೋಣಿಚೀಲದ ಮೇಲೆ ಕೂತ.

ಗುರುವಾರ. ಕಿರಣ ಸಾಯುವ ಮೂರು ದಿನ ಮುಂಚೆ. ಅವತ್ತು ಅವನು ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳಲು ಹೋಗಿದ್ದ. ಬೃಂದಾ ಚಿಕ್ಕವಳಿದ್ದಾಗಿನಿಂದ ಅವನ ಬೆಂಚಿನ ಕೆಳಗೇ ಆಡಿ ಬೆಳೆದವಳು. ಆ ಹುಣಸೆ ಬೀಜದಷ್ಟು ವಸ್ತು ಏನು ಮಾಡುತ್ತದೆ, ಇಲ್ಲದಿದ್ದರೆ ಏನಾಗುತ್ತದೆ, ಎಲ್ಲವನ್ನೂ ಅವನೇ ಹೇಳಿಕೊಟ್ಟಿದ್ದ. ಗಿಟಾರಿಂದ ನಿಜವಾಗಿಯೂ ಸದ್ದು ಬರುತ್ತಿತ್ತೇ? ಕಿರಣನೇ ತೆಗೆಸಲು ಹೇಳಿ, ಅಪ್ಪ ಒಪ್ಪುವುದಿಲ್ಲವೆಂದು ಅವಳು ಇಲ್ಲಿಗೆ ಬಂದಳೇ? ಹಾಗಿದ್ದರೆ ಪೊಲೀಸರಿಗೆ ಯಾಕೆ ಸುಳ್ಳು ಹೇಳಿದಳು? ಗಿಟಾರನ್ನು ಭಾನುವಾರವೇ ನೋಡಿದ್ದು ಅಂತ ಯಾಕೆ ಹೇಳಿದಳು?

ಒಂದು ಪ್ರಶ್ನೆ ಹಿಂದೆ ಇನ್ನೊಂದು ಬರುತ್ತಿತ್ತು.

“ಪೊಲೀಸರು ಎಲ್ಲಿದಾರೆ?” ಅಕ್ತರ್ ಕೇಳಿದ.

“ಕೆಳಗೆ. ಮಾರ್ಕೆಟ್ ಮೂಲೇಲಿ. ಜೀಪಲ್ಲಿ.”

“ನನ್ನ ಕರ್ಕೊಂಡು ಹೋಗೋಕೆ ಬಂದೆ.”

“ಹೂಂ.”

ಅಕ್ತರ್ ಅರವನ್ನು ಬಟ್ಟೆಯಲ್ಲಿ ಒರೆಸಿ, ಅದರ ಜಾಗದಲ್ಲಿಟ್ಟ. ಡಬ್ಬಿಯಿಂದ ಆ ಕೆಪಾಸಿಟರನ್ನು ಹುಡುಕಿ ತೆಗೆದು ಕಾಗದದಲ್ಲಿ ಸುತ್ತಿ ಅಂಗಿ ಜೇಬಿಗೆ ಹಾಕಿಕೊಂಡ. ಆಮೇಲೆ ಚಪ್ಪಲಿ ಮೆಟ್ಟಿದ.

“ಎಲ್ಲಿಗ್ ಹೊರಟ್ರಿ?” ಲುಬ್ನಾ ಎದ್ದಳು.

“ನಾನು ಮಾಡಿದ ಕೆಲಸಕ್ಕೆ ಬೇರೆ ಯಾರೋ ಒಳಗಿದಾನೆ. ಹೋಗಿ ಹೇಳ್ಬಿಟ್ಟು ಬರ್ತೀನಿ. ಗುರುವಾರ ಬೆಳಿಗ್ಗೆ ನಾನೇ ಬಿಚ್ಚಿದ್ದು ಅಂದ್ರೆ ಆ ವೈರ್‌ಮನ್ ಮನೆಗೆ ಹೋಗ್ತಾನೆ.” ಅವನು ಮುನಿರಾಜುವಿನ ಕಡೆ ಕೈ ಚಾಚಿದ. “ಏಳು. ಇಳಿಯೋದು ಹತ್ತೋದಕ್ಕಿಂತ ಸುಲಭ.”

ಮುನಿರಾಜು ಆ ಕೈ ಹಿಡಿದು ಎದ್ದ. ಎದ್ದ ಮೇಲೂ ಬಿಡಲಿಲ್ಲ. ಕಿಟಕಿಯಿಂದ ಕೆಳಗೆ ಜೀಪಿನ ಬಾನೆಟ್ಟು ಕಾಣುತ್ತಿತ್ತು. ಅದಕ್ಕೆ ಒರಗಿ ನಿಂತ ತೇಜಶ್ರೀ ಗಡಿಯಾರ ನೋಡಿಕೊಳ್ಳುತ್ತಿದ್ದಳು.

“ಅಕ್ತರ್.”

“ಏನು?”

“ಬಿಚ್ಚಿದ್ದು ಹೇಳು. ಗುರುವಾರ ಅಂತಾನೂ ಹೇಳು. ಜಟ್ಟೆಪ್ಪಂಗೆ ಅಷ್ಟು ಸಾಕು.” ಅವನು ಕಿಟಕಿಗೆ ಬೆನ್ನು ತಿರುಗಿಸಿದ. “ಯಾರು ತಂದ್ರು ಅಂತ ಕೇಳ್ತಾರೆ. ಕಿರಣನೇ ತಂದಿದ್ದ ಅನ್ನು.”

ಅಕ್ತರ್ ಇನ್ನೊಂದು ಕೈಯಿಂದ ಕಾಗದವಿದ್ದ ಜೇಬನ್ನು ಮುಟ್ಟಿಕೊಂಡ.

“ಸತ್ತವನು ಬಂದು ಇಲ್ಲ ಅನ್ನಲ್ಲ. ಅವಳು ಒಬ್ಬಳೇ ನನಗಿರೋದು. ನಾನು ಮೊದ್ಲು ಅವಳ್ನ ಕೇಳ್ತೀನಿ, ಏನಾಯ್ತು ಅಂತ ತಿಳ್ಕೊತೀನಿ, ಆಮೇಲೆ ನಾನೇ ಕರ್ಕೊಂಡು ಹೋಗಿ ನಿಲ್ಲಿಸ್ತೀನಿ. ಒಂದು ದಿನ. ನಿನ್ನ ಹತ್ರ ನಾನು ಯಾವತ್ತೂ ಏನೂ ಕೇಳಿದವನಲ್ಲ.”

ಲುಬ್ನಾ ಗಂಡನ ಮುಖ ನೋಡಿದಳು, ಮುನಿರಾಜುವಿನ ಮುಖ ನೋಡಿದಳು, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅಕ್ತರ್ ತನ್ನ ಕೈಯನ್ನು ನಿಧಾನವಾಗಿ ಬಿಡಿಸಿಕೊಂಡ.

“ಇಲ್ಲ ಮುನ್ರಾಜು,” ಅಂದ. “ಆ ಸುಳ್ಳು ಹೇಳಲ್ಲ.”